ಐದಕ್ಕೂ ನಾಲ್ಕಕ್ಕೂ ನಡುವೆ

ನಮ್ಮ ಕಟ್ಟಡದ ಲಿಫ್ಟು ಐದನೇ ಮಹಡಿಗೂ ನಾಲ್ಕನೇ ಮಹಡಿಗೂ ನಡುವೆ ನಲವತ್ತೇಳು ನಿಮಿಷ ನೇತಾಡಿತು. ಅದು ಕೆಳಗೆ ಬೀಳದೆ ಉಳಿದದ್ದಕ್ಕೆ ಒಂದೇ ಕಾರಣ: ಅಷ್ಟೂ ಹೊತ್ತು ನಾನು ಉಸಿರು ಬಿಗಿಹಿಡಿದಿದ್ದೆ. ಒಂದು ನಿಟ್ಟುಸಿರು ಬಿಟ್ಟಿದ್ದರೂ ಉಕ್ಕಿನ ಹಗ್ಗ ಹೊಲಿಗೆ ದಾರದಂತೆ ಪಟ್ಟನೆ ಹರಿದುಹೋಗುತ್ತಿತ್ತು. ನಂಬದವರು ನಮ್ಮ ಅತ್ತಿಗೆಯನ್ನು ಕೇಳಬಹುದು. ಬೇಡ, ಅವರನ್ನು ಮಾತ್ರ ಕೇಳಬೇಡಿ.

ನನ್ನ ಅಣ್ಣನ ಹೆಂಡತಿಯಾದ ಅತ್ತಿಗೆ ಮೂವತ್ತು ವರ್ಷ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದಿದವರು. ಕಟ್ಟಡದವರಿಗೆಲ್ಲ ಅವರು ಮೀಟರಮ್ಮ. ಮೀಟರ್ ಓದಿ ಓದಿ ಮನುಷ್ಯರನ್ನೂ ಓದುವುದು ಅವರಿಗೆ ರೂಢಿಯಾಗಿತ್ತು. ನಿವೃತ್ತರಾದ ಮೇಲೆ ನಮ್ಮ ಕಟ್ಟಡವೊಂದರಲ್ಲೇ ಒಂಬತ್ತು ಸಾವಿರ ಪ್ರಕರಣಗಳನ್ನು ಪತ್ತೆ ಹಚ್ಚಿದರು. ಸರಿ, ಒಂಬತ್ತು. ಎಲ್ಲದರಲ್ಲೂ ಟಾರ್ಚು ಹಿಡಿದು ಅವರ ಹಿಂದೆ ನಿಂತಿದ್ದವನು, ಅದೇ ಕಟ್ಟಡದಲ್ಲಿ ಬೇರೆ ಮನೆ ಮಾಡಿಕೊಂಡು ಒಬ್ಬನೇ ಇರುವ ನಾನೇ.

ಏಳನೇ ಮಹಡಿಯ ಅಜ್ಜಿ ಗಾಲಿಕುರ್ಚಿಯವರು. ದಿನಕ್ಕೆ ಮೂರು ಸಲ ಕರೆಂಟು ಹೋಗುವ ಕಟ್ಟಡದಲ್ಲಿ ಅವರನ್ನು ಲಿಫ್ಟಿಗೆ ಹತ್ತಿಸುವ ಧೈರ್ಯ ಮನೆಯವರಿಗೆ ಇರಲಿಲ್ಲ. ಹೀಗಾಗಿ ಅಜ್ಜಿ ಎರಡು ವರ್ಷದಿಂದ ನೆಲ ಮುಟ್ಟಿರಲಿಲ್ಲ. ಹಾಸಿಗೆ, ಕಿಟಕಿ, ಕಿಟಕಿಯಾಚೆ ಎದುರು ಕಟ್ಟಡದ ಗೋಡೆ. ಅಷ್ಟೇ ಅವರ ಲೋಕ. ಎರಡನೇ ಮಹಡಿಯ ಟೀಚರಮ್ಮ ಅದನ್ನು ನೋಡಲಾರದೆ ಟೊಂಕ ಕಟ್ಟಿ ನಿಂತರು. ಕರೆಂಟು ಹೋದರೂ ಲಿಫ್ಟು ನಡೆಯಲೆಂದು ತಾರಸಿಯ ಮೇಲೆ ಸೌರ ಫಲಕ ಬಂತು, ಕೆಳಗೆ ಬೀರುವಿನಷ್ಟು ದೊಡ್ಡ ಬ್ಯಾಟರಿ ಪೆಟ್ಟಿಗೆ ಬಂತು. ಕರೆಂಟು ಉಳಿಸಲು ಮನೆಮನೆಯಲ್ಲಿ ಹಳೇ ಬಲ್ಬು ಹೋಗಿ ಹೊಸದು ಬಂತು, ಕಿಟಕಿ ಸಂದುಗಳಿಗೆ ಚಳಿಗಾಳಿ ತಡೆಯುವ ಪಟ್ಟಿ ಅಂಟಿತು. ಈ ಪಟ್ಟಿಗಳನ್ನು ನಾನೊಬ್ಬನೇ ಹನ್ನೆರಡು ಮೈಲಿಯಷ್ಟು ಅಂಟಿಸಿದ್ದೇನೆ.

ಇದಕ್ಕೆ ಅಡ್ಡಗಾಲು ಹಾಕಿದವರು ಐದನೇ ಮಹಡಿಯ ವಕೀಲರು. "ಆ ಪೆಟ್ಟಿಗೆಯ ಒಂದು ತಂತಿಯೂ ನನ್ನ ಹೊಸಿಲು ದಾಟಕೂಡದು" ಎಂದು ಹಟ ಹಿಡಿದು, ದಾಟಗೊಡಲೂ ಇಲ್ಲ. ಇಪ್ಪತ್ತೆಂಟು ಮನೆಗಳಲ್ಲಿ ಅವರದೊಂದು ಹೊರಗುಳಿಯಿತು. ಕೊನೆಗೆ ಒಂದು ಪರೀಕ್ಷೆ ಗೊತ್ತಾಯಿತು. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಹೊರಗಿನ ಕರೆಂಟು ಬಂದ್; ಪೆಟ್ಟಿಗೆಯ ಬಲದಲ್ಲೇ ಲಿಫ್ಟು ಅಜ್ಜಿಯನ್ನು ಕೆಳಗಿಳಿಸಬೇಕು. ಮೀಟರ್ ಕೋಣೆಗೆ ಬೀಗ, ಬೀಗಕ್ಕೆ ಸೀಲು. ಮನೆಗಳಲ್ಲಿ ದೀಪ, ಫ್ರಿಜ್ಜು ಬಿಟ್ಟು ಬೇರೇನೂ ಹಾಕಕೂಡದು. ನಡುವೆ ಸೀಲು ಒಡೆಯಬೇಕಾಗಿ ಬಂದರೆ ಪೆಟ್ಟಿಗೆ ವಾಪಸ್ಸು. ಎಲ್ಲರೂ ಸಹಿ ಮಾಡಿದರು. ಮೊದಲ ಸಹಿ, ಅಂಗೈಯಗಲದ್ದು, ನನ್ನದು.

ಆ ದಿನ ಎಂಥ ಚಳಿ ಎಂದರೆ ಆಡಿದ ಮಾತು ಹೆಪ್ಪುಗಟ್ಟಿ ಕಾಲ ಮೇಲೆ ಬೀಳುತ್ತಿತ್ತು. ಹತ್ತು ಗಂಟೆಗೆ ನಾನು ಅಜ್ಜಿಯ ಕುರ್ಚಿಯ ಗಾಲಿಗಳಿಗೆ ಗ್ರೀಸು ಹಚ್ಚಿದೆ. ಮೊಣಕೈವರೆಗೆ ಕಪ್ಪಾಯಿತು.

"ಆ ಕೈಯಲ್ಲಿ ನನ್ನ ಸೀರೆ ಮುಟ್ಟಿದ್ಯೋ, ನೋಡು ಮತ್ತೆ" ಎಂದರು ಅಜ್ಜಿ.

"ತೊಳ್ಕೊಂಡು ಬರ್ತೀನಿ ಅಜ್ಜಿ. ತಣ್ಣೀರಲ್ಲೇ! ಹುಟ್ಟಿದಾಗಿಂದ ನಾನು ಬಿಸಿನೀರು ಮುಟ್ಟಿದವನೇ ಅಲ್ಲ."

ಹನ್ನೊಂದೂಕಾಲಿಗೆ ಹೊಸ ಅಂಗಿ ತೊಟ್ಟು, ತಲೆ ಬಾಚಿ, ಸೋಪು ಘಮಘಮಿಸುತ್ತ ವಾಪಸ್ಸು ಬಂದೆ. ಅಜ್ಜಿ ನನ್ನ ಅಂಗೈಗಳನ್ನು ಮಗುಚಿ ನೋಡಿ, "ತೊಳೆದ ಬೆಣ್ಣೆ ಹಾಗಿದೆ" ಎಂದು ತಲೆದೂಗಿದರು. ಕುರ್ಚಿಯಲ್ಲಿ ಅಜ್ಜಿ, ಪಕ್ಕದಲ್ಲಿ ಟೀಚರಮ್ಮ, ಸಾಕ್ಷಿಗೆಂದು ವಕೀಲರು, ಅತ್ತಿಗೆ, ನಾನು: ಐವರೂ ಲಿಫ್ಟು ಹೊಕ್ಕೆವು. ಬಾಗಿಲು ಮುಚ್ಚಿತು. ಲಿಫ್ಟು ಹತ್ತು ಎಣಿಸುವಷ್ಟು ಹೊತ್ತು ಇಳಿದು, ಗಕ್ಕನೆ ನಿಂತು, ದೀಪ ಆರಿತು.

ಅಂಥ ಕತ್ತಲೆಯನ್ನು ನಾನು ಕಂಡಿಲ್ಲ. ಕೈ ಚಾಚಿದರೆ ತಗಡು, ಹಿಂದೆ ಸರಿದರೆ ವಕೀಲರ ಹೊಟ್ಟೆ. ಐದು ಜನರ ಉಸಿರು ಒಂದೇ ಕಡೆ ಸುತ್ತುತ್ತಿತ್ತು. ಅತ್ತಿಗೆ ಟಾರ್ಚು ಹಚ್ಚಿದರು. ಅಜ್ಜಿ ಕುರ್ಚಿಯ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದಿದ್ದರು.

ಟೀಚರಮ್ಮ ಮೊಬೈಲಿನಲ್ಲಿ ಕೆಳಗಿದ್ದ ಗಾರ್ಡಿಗೆ ಕರೆ ಮಾಡಿದರು. "ಪೆಟ್ಟಿಗೆ ಖಾಲಿ ಆಯ್ತೇನಪ್ಪ?"

"ಇಲ್ಲ ಮೇಡಂ, ನೂರಕ್ಕೆ ತೊಂಬತ್ತು ತೋರಿಸ್ತಿದೆ. ಆದ್ರೆ ಕೆಂಪು ದೀಪ ಬಂದಿದೆ, ಹೊರೆ ಜಾಸ್ತಿ ಅಂತ."

"ಮತ್ತೆ ಹಾಕಿ ನೋಡು."

ದೀಪ ಮಿಂಚಿತು, ಮೋಟಾರು ನರಳಿತು, ಎಲ್ಲ ಸತ್ತಿತು. ಇನ್ನೊಮ್ಮೆ ಹಾಕಿದಾಗಲೂ ಅದೇ ಕತೆ.

"ನಾನು ಹೇಳಿರಲಿಲ್ವಾ?" ವಕೀಲರ ದನಿ ಕತ್ತಲಲ್ಲೂ ಮೀಸೆ ತಿರುವಿತು. "ಸೀಲು ಒಡೀರಿ, ಹೊರಗಿನ ಕರೆಂಟು ಹಾಕಿಸಿ. ವಯಸ್ಸಾದವರನ್ನ ಡಬ್ಬಿಯಲ್ಲಿ ಕೂಡಿಹಾಕಿ ಪ್ರಯೋಗ ಮಾಡ್ತೀರಾ?"

ಟೀಚರಮ್ಮ ಕುರ್ಚಿಯ ಕಡೆ ಬಾಗಿದರು. "ಅಜ್ಜಿ, ನೀವು ಹೂಂ ಅಂದ್ರೆ ಒಡೆಸಿಬಿಡ್ತೀನಿ."

"ಒಡೆದರೆ ನನ್ನನ್ನ ವಾಪಸ್ ಮೇಲಕ್ಕೇ ತಾನೇ ಕಳಿಸೋದು?" ಎಂದರು ಅಜ್ಜಿ. "ಅದೂ ಡಬ್ಬಿನೇ ಕಣಮ್ಮ, ಸ್ವಲ್ಪ ದೊಡ್ಡದು. ಇರಲಿ, ಕೂತ್ಕೋತೀನಿ." ಹಾಗೆಂದರೂ ಅವರ ಕೈ ನನ್ನ ಕೈಯನ್ನು ಹುಡುಕಿ ಹಿಡಿಯಿತು.

ಟೀಚರಮ್ಮ ಎಲ್ಲ ಮನೆಗಳಿಗೂ ಸಂದೇಶ ಕಳಿಸಿದರು: ಮೇನ್ ಸ್ವಿಚ್ಚು ಆರಿಸಿ, ಫೋಟೊ ಹಾಕಿ. ಟಿಣ್ ಟಿಣ್ ಎಂದು ಇಪ್ಪತ್ತೈದು ಫೋಟೊ ಬಂದವು. ಅಜ್ಜಿಯ ಸೊಸೆಯದೂ ಬಂತು, ನನ್ನ ಅಣ್ಣನದೂ ಬಂತು. ಗಾರ್ಡು ಮತ್ತೆ ಹಾಕಿದ. ಮೋಟಾರು ಮತ್ತೆ ನರಳಿ ಸತ್ತಿತು.

"ಇದು ವಕೀಲರದೇ ಕೈವಾಡ!" ನಾನು ಗುಡುಗಿದೆ. ಆ ಗುಡುಗಿಗೆ ಪಕ್ಕದ ಊರಿನ ಕಿಟಕಿಗಳೂ ಅದುರಿರಬೇಕು. "ಪರೀಕ್ಷೆ ಸೋಲಬೇಕು ಅನ್ನೋ ಆಸೆ ಇರೋದು ಇವರೊಬ್ಬರಿಗೇ."

"ಬಾಯಿಗೆ ಬಂದ ಹಾಗೆ ಮಾತಾಡಬೇಡಿ" ಎಂದು ವಕೀಲರು ಉರಿದುಬಿದ್ದರು.

"ನೀನು ಬಡಾಯಿ ನಿಲ್ಲಿಸು" ಎಂದರು ಅತ್ತಿಗೆ. "ನಿನ್ನ ಮನೆ ಮೇನ್ ಸ್ವಿಚ್ಚು?"

"ಇದೇ ಕೈಯಿಂದ ಆರಿಸಿ ಬಂದಿದ್ದೀನಿ ಅತ್ತಿಗೆ."

"ಟೀಚರಮ್ಮ, ನಿಮ್ಮದು?"

ಟೀಚರಮ್ಮ ಚೀಲದಿಂದ ಬಿಳಿ ಪಿಂಗಾಣಿಯ ಫ್ಯೂಸು ತೆಗೆದು ತೋರಿಸಿದರು. "ಮನೆಯಲ್ಲಿ ಯಾರೂ ಇಲ್ಲ ಅಂತ ಕಿತ್ತುಕೊಂಡೇ ಬಂದೆ."

ಅತ್ತಿಗೆ ಟಾರ್ಚನ್ನು ಒಬ್ಬೊಬ್ಬರ ಮುಖಕ್ಕೂ ಹಿಡಿದರು. ಆಮೇಲೆ, "ಎಲ್ಲರೂ ಇಲ್ಲೇ ಇದ್ದೀವಲ್ಲ, ಸಭೆ ಕರೆಯೋ ಕಷ್ಟ ತಪ್ಪಿತು" ಎಂದರು.

ಅವರೇ ಮುಂದುವರಿಸಿದರು: "ಯಾರೋ ಬೇಕಂತಲೇ ಕೆಡಿಸಿದ್ರೆ ಲಿಫ್ಟು ನಿಂತ ತಕ್ಷಣ ಆರಿಸಿ ಸುಮ್ಮನಾಗ್ತಿದ್ರು. ಇಲ್ಲಿ ಪ್ರತಿ ಸಲ ಹಾಕಿದಾಗಲೂ ಹೊರೆ ಹಾಗೇ ಇದೆ. ಅಂದ್ರೆ ಏನೋ ದೊಡ್ಡದು, ನೀರು ಕಾಯಿಸೋ ಅಂಥದ್ದು, ಇನ್ನೂ ಉರೀತಿದೆ. ಅದೊಂದೇ ಇದ್ದಾಗ ಪೆಟ್ಟಿಗೆ ತಡ್ಕೊಂಡಿತು, ಲಿಫ್ಟೂ ಸೇರಿದ್ದೇ ಕೈಚೆಲ್ಲಿತು. ಮನೆಯಲ್ಲಿದ್ದ ಇಪ್ಪತ್ತೈದು ಜನ ಆರಿಸಿದರು. ಆದರೂ ಉರೀತಿದೆ. ಹಾಗಾದ್ರೆ ಅದು ಇರೋದು ಆರಿಸೋಕೆ ಯಾರೂ ಇಲ್ಲದ ಮನೆಯಲ್ಲಿ. ಆ ಮನೆಯವರು ಈ ಡಬ್ಬಿಯೊಳಗೇ ನಿಂತಿದ್ದಾರೆ."

ವಕೀಲರು ಗಂಟಲು ಸರಿಮಾಡಿಕೊಂಡರು.

"ನೀವಲ್ಲ ಸ್ವಾಮಿ. ನಿಮ್ಮ ಮನೆಗೆ ಆ ತಂತಿಯೇ ಇಲ್ಲ; ನಿಮ್ಮ ಹಟ ನಿಮ್ಮನ್ನ ಕಾಪಾಡ್ತು. ಅಜ್ಜಿ ಮನೆಯಲ್ಲಿ ಸೊಸೆ, ನನ್ನ ಮನೆಯಲ್ಲಿ ಯಜಮಾನರು ಆರಿಸಿದ್ದಾರೆ. ಟೀಚರಮ್ಮನ ಫ್ಯೂಸು ಇಲ್ಲೇ ಇದೆ. ಉಳಿದದ್ದು ಒಂದು ಮನೆ. ಅದಕ್ಕೆ ಫೋಟೊ ಇಲ್ಲ, ಫ್ಯೂಸಿಲ್ಲ, ಇರೋದು ಬರೀ ಮಾತು."

ಟಾರ್ಚಿನ ಬೆಳಕು ಮೆಲ್ಲಗೆ ಇಳಿದು, ಅಜ್ಜಿ ಹಿಡಿದಿದ್ದ ನನ್ನ ಕೈಯ ಮೇಲೆ ನಿಂತಿತು.

"ಹತ್ತು ಗಂಟೆಗೆ ಈ ಕೈ ಮೊಣಕೈವರೆಗೆ ಗ್ರೀಸಾಗಿತ್ತು. ಮೂವತ್ತು ವರ್ಷ ಮೀಟರ್ ಪೆಟ್ಟಿಗೆಗಳ ಜಿಡ್ಡು ತೊಳೆದವಳು ನಾನು. ಇಂಥ ಚಳಿಯಲ್ಲಿ ತಣ್ಣೀರು ಸುರಿದ್ರೆ ಗ್ರೀಸು ಇನ್ನೂ ಗಟ್ಟಿಯಾಗಿ ಕಚ್ಚಿಕೊಳ್ಳುತ್ತೆ. ಉಗುರಿನ ಸಂದಲ್ಲೂ ಒಂದು ಗೆರೆ ಉಳಿದಿಲ್ಲ ಅಂದ್ರೆ ಹೊಗೆಯಾಡೋ ನೀರೇ ಬೇಕು. ಬಿಸಿನೀರು ಪೂರ್ತಿ ಖಾಲಿ ಮಾಡಿದ್ದೀಯ. ತೊಟ್ಟಿಗೆ ಮತ್ತೆ ತಣ್ಣೀರು ತುಂಬಿದೆ, ಗೀಸರು ಅದನ್ನ ಕಾಯಿಸ್ತಾ ಕೂತಿದೆ. ಹೌದೋ ಅಲ್ವೋ?"

ನಿಜ ಹೇಳಬೇಕೆಂದರೆ, ಮೇನ್ ಸ್ವಿಚ್ಚಿನ ಮಾತು ಬಂದ ಕ್ಷಣವೇ ಗೀಸರಿನ ಕೆಂಪು ದೀಪ ನನ್ನ ಕಣ್ಣ ಮುಂದೆ ಹೊತ್ತಿಕೊಂಡಿತ್ತು. ಆಗಲೇ ಬಾಯಿ ಬಿಟ್ಟಿದ್ದರೆ ಅಜ್ಜಿ ಅರ್ಧ ಗಂಟೆ ಕಡಿಮೆ ನಡುಗುತ್ತಿದ್ದರು. ಈಗ ಹಿಂದೆ ಸರಿಯಲೂ ಜಾಗವಿರಲಿಲ್ಲ.

"ಹೌದು" ಎಂದೆ. ನನ್ನ ಜೀವಮಾನದಲ್ಲೇ ಅಷ್ಟು ಚಿಕ್ಕ ವಾಕ್ಯ ನಾನು ಆಡಿರಲಿಲ್ಲ.

ಅಜ್ಜಿ ನನ್ನ ಕೈ ಬಿಟ್ಟರು. ಅತ್ತಿಗೆ ಅಣ್ಣನಿಗೆ ಕರೆ ಮಾಡಿದರು: "ರೀ, ನಿಮ್ಮ ತಮ್ಮನ ಮನೆಯ ಇನ್ನೊಂದು ಬೀಗದ ಕೈ ನಮ್ಮ ಗೋಡೆಗೂಡಲ್ಲಿದೆ. ಓಡಿ, ಬಚ್ಚಲಮನೆ ಗೀಸರು ಆರಿಸಿ." ಮೂರು ನಿಮಿಷಕ್ಕೆ ದೀಪ ಬಂತು. ಲಿಫ್ಟು ಏನೂ ಆಗಿಲ್ಲವೆಂಬಂತೆ ಇಳಿಯಿತು.

ಕೆಳಗೆ ಬಾಗಿಲು ತೆರೆದಾಗ ಇಡೀ ಕಟ್ಟಡ ಅಲ್ಲಿತ್ತು. ಟೀಚರಮ್ಮ ಕುರ್ಚಿಯನ್ನು ಬಿಸಿಲಿಗೆ ತಳ್ಳಿದರು. ಅಜ್ಜಿ ಚಪ್ಪಲಿ ಕಳಚಿ, ಬರಿಗಾಲನ್ನು ನೆಲಕ್ಕೆ ಊರಿ ಕೂತರು.

ವಕೀಲರು ಸಭೆಯ ಪುಸ್ತಕ ಬಿಡಿಸಿ ಪೆನ್ನು ತೆಗೆದರು. "ಸೀಲು ಒಡೆಯದಿದ್ದರೂ ಲಿಫ್ಟು ನಿಂತದ್ದು ನಿಜ. ಪೆಟ್ಟಿಗೆ ಕೈಕೊಟ್ಟಿತು ಅಂತ ಬರೆದರೆ ಇವತ್ತೇ ವಾಪಸ್ಸು. ಮನುಷ್ಯ ಕೈಕೊಟ್ಟ ಅಂತ ಬರೀಬೇಕಾದ್ರೆ ಆ ಮನುಷ್ಯ ಎಲ್ಲರೆದುರು ಹೇಳಬೇಕು. ನಾನಂತೂ ಹೆಸರು ಹೇಳಲ್ಲ."

ಅತ್ತಿಗೆಯೂ ಹೇಳಲಿಲ್ಲ. ಟೀಚರಮ್ಮ ನೆಲ ನೋಡಿದರು. ಇಪ್ಪತ್ತೇಳು ಮನೆಗಳ ಕಣ್ಣುಗಳ ನಡುವೆ ನಾನು ಲಿಫ್ಟಿನೊಳಗಿದ್ದದ್ದಕ್ಕಿಂತ ಇಕ್ಕಟ್ಟಿನಲ್ಲಿ ನಿಂತಿದ್ದೆ. ಬಿಸಿಲಲ್ಲಿದ್ದ ಆ ಎರಡು ಬರಿಗಾಲುಗಳನ್ನು ನೋಡಿದೆ.

"ಗೀಸರು ನಂದು" ಎಂದೆ. "ಕೈ ತೊಳೆಯೋಕೆ ಅಂತ, ಎರಡೇ ನಿಮಿಷ…"

ಅತ್ತಿಗೆ ಕೆಮ್ಮಿದರು.

"ಕಾಲು ಗಂಟೆ."

ಅತ್ತಿಗೆ ಇನ್ನೊಮ್ಮೆ ಕೆಮ್ಮಿದರು.

"ನಲವತ್ತು ನಿಮಿಷ. ಕೈ ಅಷ್ಟೇ ಅಲ್ಲ, ತಲೆಗೂ ಸ್ನಾನ ಮಾಡಿದೆ. ಹಾಡಿಕೊಂಡು. ಮೇನ್ ಸ್ವಿಚ್ಚು ಆರಿಸಿದೆ ಅಂದದ್ದೂ ಸುಳ್ಳು. ಪೆಟ್ಟಿಗೆಯದು ಏನೂ ತಪ್ಪಿಲ್ಲ. ಬರ್ಕೊಳ್ಳಿ ಸ್ವಾಮಿ."

ವಕೀಲರು ಬರೆದುಕೊಂಡರು.