ಬೀಗ ಹಾಕಿದ ಬೆಳಕು

"ನನ್ನ ಗ್ಯಾಲಕ್ಸೀನ ಹೀಗೆ ಕಲಸಿಟ್ಟಿದ್ದು ಯಾರು?"

ಕೆಲಸಕ್ಕೆ ಸೇರಿದ ಮೊದಲ ವಾರವೇ ಅವಳು ಹೀಗೆ ಜಗಳಕ್ಕೆ ನಿಂತಿದ್ದು ಕಾರಿಡಾರಿನ ಕೊನೆಯ ಕೋಣೆಯ ಬಾಗಿಲಲ್ಲಿ. ಒಳಗಿದ್ದವನು ಕಿತ್ತಳೆ ಹಣ್ಣು ಸುಲಿಯುತ್ತಿದ್ದ. ಕೈಯಲ್ಲಿದ್ದ ತೊಳೆಯನ್ನು ಏನು ಮಾಡಬೇಕೆಂದು ತೋಚದೆ ಅದನ್ನು ಅವಳ ಕಡೆಗೇ ಚಾಚಿದ.

"ನಾನೇ," ಎಂದ. "ಕೂತ್ಕೊಳ್ಳಿ, ಹೇಳ್ತೀನಿ."

ಅವಳು ಕೂರಲಿಲ್ಲ. ತೊಳೆಯನ್ನು ಮಾತ್ರ ಅದು ಹೇಗೋ ತೆಗೆದುಕೊಂಡುಬಿಟ್ಟಳು.

ವಿಷಯ ಇಷ್ಟು. ಬಾಹ್ಯಾಕಾಶದಲ್ಲಿರುವ ಒಂದು ದೂರದರ್ಶಕ ಎಷ್ಟೋ ವರ್ಷಗಳಿಂದ ಒಂದು ಗ್ಯಾಲಕ್ಸಿಯ ನಡುಭಾಗವನ್ನು ಆಗಾಗ ನೋಡಿ, ಅಲ್ಲಿಂದ ಬರುವ ಬೆಳಕನ್ನು ಅಳೆದು ಕಳಿಸುತ್ತಿತ್ತು. ಅಲ್ಲಿರುವುದು ಒಂದು ಕಪ್ಪುಕುಳಿಯಲ್ಲ, ಒಂದನ್ನೊಂದು ಸುತ್ತುತ್ತಿರುವ ಜೋಡಿ ಕಪ್ಪುಕುಳಿಗಳು ಎಂಬುದು ಅವಳ ವಾದ. ಜೋಡಿಯಿದ್ದರೆ ಬೆಳಕು ಅಲೆಯ ಹಾಗೆ ಕ್ರಮವಾಗಿ ಏರಿ ಇಳಿಯಬೇಕು. ಒಂಟಿಯಾಗಿದ್ದರೆ ಅದು ಮನಸ್ಸಿಗೆ ಬಂದ ಹಾಗೆ ಮಿನುಗುತ್ತದೆ.

ಆದರೆ ಆಸೆಯಿಟ್ಟು ನೋಡುವ ಕಣ್ಣಿಗೆ ಇಲ್ಲದ ಅಲೆಯೂ ಕಾಣುತ್ತದೆ. ಅದಕ್ಕೇ ಆ ಗುಂಪಿನಲ್ಲಿ ಒಂದು ಪದ್ಧತಿಯಿತ್ತು. ಅಳತೆಗಳ ಕಾಲಕ್ರಮವನ್ನು ಕಲಸಿ, ಉತ್ತರವನ್ನು ತಮ್ಮಿಂದ ತಾವೇ ಬಚ್ಚಿಡುವುದು. ಲೆಕ್ಕದ ವಿಧಾನ ಪೂರ್ತಿ ತೀರ್ಮಾನವಾದ ಮೇಲೆಯೇ ಎಲ್ಲರೂ ಒಟ್ಟಿಗೆ ಕೂತು ತೆರೆಯುವುದು. ಅಲ್ಲಿಯವರೆಗೆ ಯಾರೂ ನೋಡುವಂತಿಲ್ಲ. ಕಲಸುವ ಪ್ರೋಗ್ರಾಮ್ ಬರೆದವನೂ ನೋಡುವಂತಿಲ್ಲ. ಅದನ್ನು ಬರೆದವನು ಇವನೇ, ಹಾಗಾಗಿ ಆಫೀಸಿನಲ್ಲಿ ಎಲ್ಲರೂ ಅವನನ್ನು ಬೀಗದವನು ಎಂದೇ ಕರೆಯುತ್ತಿದ್ದರು.

ಜಗಳ ಅಲ್ಲಿಗೇ ಮುಗಿಯಿತು. ಮುಗಿಯದೆ ಉಳಿದಿದ್ದು ಬೇರೆ. ಮರುದಿನವೂ ಏನೋ ಅನುಮಾನ ಕೇಳುವ ನೆಪದಲ್ಲಿ ಅವಳು ಆ ಕೋಣೆಗೆ ಹೋದಳು. ಅದರ ಮರುದಿನ ನೆಪವನ್ನೂ ಹುಡುಕಲಿಲ್ಲ. ಕೆಲವೇ ವಾರಗಳಲ್ಲಿ ಬಹುವಚನ ಬಿದ್ದುಹೋಯಿತು.

ಯೋಚನೆಗೆ ಬಿದ್ದಾಗ ಪೆನ್ನನ್ನು ತುರುಬಿಗೆ ಸಿಕ್ಕಿಸಿ ಮರೆತುಬಿಡುವುದು ಅವಳ ಅಭ್ಯಾಸ. ಆಮೇಲೆ ಮೇಜು, ಚೀಲ, ಕೀಬೋರ್ಡಿನ ಕೆಳಗೆ ಎಲ್ಲ ಹುಡುಕಾಟ. ಎಲ್ಲಿದೆಯೆಂದು ಅವನಿಗೆ ಗೊತ್ತು, ಹೇಳುತ್ತಿರಲಿಲ್ಲ. ಗಲ್ಲಕ್ಕೆ ಕೈಕೊಟ್ಟು ಅವಳ ಪರದಾಟವನ್ನು ಕಣ್ತುಂಬ ನೋಡುತ್ತಿದ್ದ. ಅವಳು ಥಟ್ಟನೆ ತಿರುಗಿದರೆ ಆ ನೋಟ ಗಡಿಬಿಡಿಯಲ್ಲಿ ಕಂಪ್ಯೂಟರ್ ಪರದೆಯ ಮೇಲೆ ಹೋಗಿ ಕೂರುತ್ತಿತ್ತು, ಕಿವಿ ಮಾತ್ರ ಕೆಂಪಾಗಿರುತ್ತಿತ್ತು. ಆ ಕೆಂಪು ಕಿವಿ ನೋಡಲಿಕ್ಕೆಂದೇ ಅವಳು ಎಷ್ಟೋ ಸಲ ಬೇಕಂತಲೇ ಪೆನ್ನು ಕಳೆದುಕೊಂಡಿದ್ದಳು.

ಭಾನುವಾರ ಫೋನಿನಲ್ಲಿ ಅಕ್ಕನ ಕೀಟಲೆ ತಪ್ಪುತ್ತಿರಲಿಲ್ಲ. "ಆಕಾಶದಲ್ಲಿ ಜೋಡಿ ಹುಡುಕಿದ್ದು ಸಾಕು ಕಣೇ, ನೆಲದ ಮೇಲೆ ಯಾವಾಗ?"

ನಕ್ಕು ತಳ್ಳಿಹಾಕಿದರೂ ಅವಳಿಗೆ ಒಳಗೊಳಗೇ ಅಳುಕಿತ್ತು. ಇದು ಅವಳ ಮೂರನೆಯ ಗುತ್ತಿಗೆ ಕೆಲಸ. ಮೂರು ಊರು, ಮೂರು ಬಾಡಿಗೆ ಕೋಣೆ, ಪ್ರತಿ ಸಲವೂ ಹೊಸದಾಗಿ ಕೊಳ್ಳುವ ಅದೇ ಬಕೆಟ್ಟು. ಜೋಡಿ ಇದೆಯೆಂದು ಸಾಬೀತಾದರೆ ಇಲ್ಲೇ ಉಳಿಯಬಹುದು. ಇಲ್ಲವೆಂದಾದರೆ ಈ ಗುತ್ತಿಗೆಯ ಜೊತೆಗೆ ನಕ್ಷತ್ರಗಳ ಸಹವಾಸವೂ ಮುಗಿದಂತೆ.

ಅಂಥ ಹೊತ್ತಿನಲ್ಲಿ ದೂರದ ಕಾಲೇಜೊಂದರಿಂದ ಅವಳಿಗೆ ಕಾಯಂ ಕೆಲಸದ ಕರೆ ಬಂತು. ಬೀಗ ತೆರೆಯುವ ದಿನಕ್ಕೆ ಇನ್ನೂ ತಿಂಗಳುಗಳಿದ್ದವು. ಕಾಲೇಜಿನವರು ಅಷ್ಟು ಕಾಯುವುದಿಲ್ಲ ಎಂದರು.

ಆಫೀಸಿನ ಹಿಂದಿನ ಮೆಟ್ಟಿಲ ಮೇಲೆ, ಮೆಷಿನ್ ಕಾಫಿಯ ಲೋಟ ಹಿಡಿದು, ಅವಳು ಅವನನ್ನೇ ಕೇಳಿದಳು. "ಹೋಗಲಾ, ಇರಲಾ? ನೀನೇ ಹೇಳು."

ಅವನು ಬಹಳ ಹೊತ್ತು ಲೋಟದೊಳಗೇ ನೋಡುತ್ತಿದ್ದ. "ಜೋಡಿ ಇದೆ ಅಂತ ನಿನಗೆ ನಂಬಿಕೆ ಇದೆಯಾ?"

"ಇದೆ."

"ಹಾಗಿದ್ರೆ ಇರು."

ಆ 'ಇರು' ಎಂಬ ಮಾತಿನಲ್ಲಿ ಅವಳಿಗೆ ತಾನು ಇಷ್ಟು ದಿನ ಕಾದಿದ್ದೆಲ್ಲ ಕೇಳಿಸಿತು. ಅದೇ ಸಂಜೆ ಕಾಲೇಜಿಗೆ ಬರುವುದಿಲ್ಲವೆಂದು ತಿಳಿಸಿಬಿಟ್ಟಳು. ಕಾಯಂ ಕೆಲಸವನ್ನು ಕಾಲಿಂದ ಒದ್ದಳೆಂದು ಅಕ್ಕ ಎರಡು ಭಾನುವಾರ ಮಾತು ಬಿಟ್ಟಳು.

ಆಮೇಲಿನ ತಿಂಗಳುಗಳಲ್ಲಿ ಅವನ ಅಕ್ಕರೆ ಹೆಚ್ಚಾಯಿತು. ದಿನವೂ ಬಸ್ ಸ್ಟಾಪಿನವರೆಗೆ ಜೊತೆಗೆ ಬರುತ್ತಿದ್ದ, ಬಸ್ಸು ಬಂದರೂ ಮುಂದಿನದಕ್ಕೆ ಹೋಗೆನ್ನುತ್ತಿದ್ದ. ಆದರೆ ಅವಳು ಜೋಡಿಯ ಬಗ್ಗೆ ಹುರುಪಿನಿಂದ ಮಾತಾಡುವಾಗ ಒಮ್ಮೊಮ್ಮೆ ನಗುತ್ತಿದ್ದವನು ನಡುವೆಯೇ ಸುಮ್ಮನಾಗುತ್ತಿದ್ದ. ನಾಚಿಕೆಯಿರಬೇಕೆಂದು ಅವಳು ಅಂದುಕೊಂಡಳು. ಬೀಗ ತೆರೆಯಲೆಂದು ಕಾಯುತ್ತಿದ್ದಾನೆ, ಆಮೇಲೆ ಮದುವೆಯ ಮಾತು ತೆಗೆಯುತ್ತಾನೆ ಎಂದೂ ಅಂದುಕೊಂಡಳು. ಪ್ರೀತಿಗೆ ಬಿದ್ದವರಿಗೆ ಎಲ್ಲದಕ್ಕೂ ಒಳ್ಳೆಯ ಅರ್ಥವೇ ಹೊಳೆಯುತ್ತದೆ. ಆ ಕಾಯಿಲೆಗೆ ಮದ್ದಿಲ್ಲ.

ತೆರೆಯುವ ದಿನ ಮೀಟಿಂಗ್ ಕೋಣೆ ತುಂಬಿತ್ತು. ಗುಂಪಿನ ಮುಖ್ಯಸ್ಥೆ ಮೇಡಂ ಕಿಟಕಿಯ ಕರ್ಟನ್ ಎಳೆಸಿ, ಗುಂಡಿ ಒತ್ತುವ ಗೌರವವನ್ನು ಅವಳಿಗೇ ಕೊಟ್ಟರು. ಅವಳು ಒತ್ತಿದಳು. ಪರದೆಯ ಮೇಲೆ ಕಲಸಿದ ಅಳತೆಗಳ ಚುಕ್ಕೆಗಳು ಒಂದೊಂದಾಗಿ ತಮ್ಮ ತಮ್ಮ ಕಾಲಕ್ಕೆ ಸರಿದು ಸಾಲಾಗಿ ನಿಂತವು.

ಅಲೆ ಇರಲಿಲ್ಲ. ಬೆಳಕು ಒಮ್ಮೆ ಏರಿ, ಇನ್ನೊಮ್ಮೆ ಬಿದ್ದು, ಗುರಿಯಿಲ್ಲದೆ ಅಲೆಯುತ್ತ ಹೋಗಿತ್ತು. ಅಲ್ಲಿ ಇದ್ದದ್ದು ಒಂದೇ ಕಪ್ಪುಕುಳಿ, ಮೊದಲಿಂದಲೂ ಒಂಟಿ.

ಎಲ್ಲರ ಕಣ್ಣೂ ಪರದೆಯ ಮೇಲಿತ್ತು. ಅವಳಿಗೆ ಆ ಕ್ಷಣದಲ್ಲಿ ಒಂದು ಮುಖ ಬೇಕೆನಿಸಿ ಅವನ ಕಡೆ ತಿರುಗಿದಳು. ಅವನು ಪರದೆಯನ್ನು ನೋಡುತ್ತಲೇ ಇರಲಿಲ್ಲ. ಅವಳನ್ನು ನೋಡುತ್ತಿದ್ದ, ಆಗಲೇ ಕಣ್ಣು ತುಂಬಿಕೊಂಡು.

ಬೇರೆ ಯಾವ ದಿನವಾದರೂ ಆ ನೋಟಕ್ಕೆ ಅವಳು ಕರಗಿಹೋಗುತ್ತಿದ್ದಳು. ಆದರೆ ಇಷ್ಟು ವರ್ಷದ ಉತ್ತರ ಎದುರಿಗೆ ಬಂದು ನಿಂತಾಗ ಅದರ ಕಡೆ ತಿರುಗಿಯೂ ನೋಡದವನಿಗೆ ಆ ಉತ್ತರ ಮೊದಲೇ ಗೊತ್ತಿರಬೇಕು.

ಎಲ್ಲರೂ ಸಮಾಧಾನ ಹೇಳಿ ಹೋದ ಮೇಲೆ ಅವನ ಕೋಣೆಗೆ ಹೋದಳು. ಈ ಸಲ ಕೂತಳು.

"ಯಾವಾಗ ನೋಡ್ದೆ?"

ಅವನು ಸುಳ್ಳು ಹೇಳಲಿಲ್ಲ. ಬೀಗ ಸರಿಯಾಗಿ ತೆರೆಯುತ್ತದೆಯೇ ಎಂದು ಪರೀಕ್ಷಿಸಲು ಸುಳ್ಳು ಅಂಕಿಗಳ ಫೈಲ್ ಹಾಕಬೇಕಿತ್ತು, ಕೈತಪ್ಪಿ ನಿಜವಾದದ್ದನ್ನೇ ಹಾಕಿಬಿಟ್ಟೆ ಎಂದ. ಕಣ್ಣು ಮುಚ್ಚಿಕೊಳ್ಳುವಷ್ಟರಲ್ಲಿ ನೋಡಿಯಾಗಿತ್ತು. ತಕ್ಷಣ ಮೇಡಂಗೆ ತಿಳಿಸುವುದು ನಿಯಮ. ಎದ್ದು ಬಾಗಿಲವರೆಗೆ ಹೋಗಿ, ವಾಪಸು ಬಂದು ಕೂತಿದ್ದನಂತೆ.

"ಕಾಲೇಜಿನ ಕೆಲಸದ ಬಗ್ಗೆ ನಾನು ಕೇಳಿದ್ನಲ್ಲ, ಅದಕ್ಕಿಂತ ಮುಂಚೆಯೋ, ಆಮೇಲೋ?"

"ಮುಂಚೆ."

ಕಾರಿಡಾರಿನಲ್ಲಿ ಯಾರೋ ನಗುತ್ತ ಹೋದರು.

"ಹೇಳಿದ್ರೆ ನೀನು ಹೋಗಿಬಿಡ್ತಿದ್ದೆ," ಎಂದ. "ನಿನ್ನನ್ನ ಬಿಟ್ಟಿರೋಕೆ ಆಗಲ್ಲ ಅಂತ ಹೇಳೋಕೆ ಬಾಯೇ ಬರಲಿಲ್ಲ. ಇರು ಅನ್ನೋದೊಂದು ಬಂತು."

ಇದೇ ಮಾತನ್ನು ಕೇಳಲು ಅವಳು ಎಷ್ಟು ಬಸ್ಸು ಬಿಟ್ಟಿದ್ದಳೋ. ಈಗ ಆ ಮಾತು ಬಂದಾಗ ಸಂಕಟವಾಯಿತು.

"ಇಲ್ಲಿ ಏನೂ ಇಲ್ಲ, ಆದ್ರೂ ನನಗೋಸ್ಕರ ಇರು ಅಂದಿದ್ರೆ ಇರ್ತಿದ್ನೋ ಏನೋ," ಎಂದಳು. "ಯೋಚನೆ ಮಾಡೋಕಾದ್ರೂ ಬಿಡಬೇಕಿತ್ತು ನನ್ನನ್ನ."

"ಈಗ ಕೇಳ್ತೀನಿ. ಇರು."

ಅವಳು ಇಲ್ಲವೆಂದು ತಲೆಯಾಡಿಸಿದಳು. "ನಿನ್ನ ಮೇಲೆ ಪ್ರೀತಿ ಇಲ್ಲ ಅಂದ್ಕೋಬೇಡ. ಇದೆ, ಹಾಳಾದ್ದು ಹೋಗ್ತಾನೂ ಇಲ್ಲ. ಆದ್ರೆ ಇನ್ಮೇಲೆ ನೀನು ಸುಮ್ಮನಾದಾಗಲೆಲ್ಲ, ಇವನಿಗೆ ಇನ್ನೇನು ಗೊತ್ತಿದೆ ಅಂತ ನಿನ್ನ ಮುಖ ಹುಡುಕ್ತಾ ಕೂತಿರ್ತೀನಿ. ಹಾಗೆ ಬಾಳೋಕಾಗಲ್ಲ."

ಮೇಡಂಗೆ ಅವನು ತಾನಾಗಿಯೇ ಹೇಳಿದ. ಅವರು ಕೂಗಾಡಲಿಲ್ಲ, ಬೀಗದ ಕೆಲಸವನ್ನು ಅವನಿಂದ ತೆಗೆದು ಬೇರೆಯವರಿಗೆ ಕೊಟ್ಟರು. ಅವಳ ಪ್ರಬಂಧದಲ್ಲಿ ಒಂದು ಸಾಲು ಸೇರಿತು: ಲೇಖಕರಲ್ಲಿ ಒಬ್ಬರು ಫಲಿತಾಂಶವನ್ನು ಮೊದಲೇ ಕಂಡಿದ್ದರು. ಕಾಲೇಜಿಗೆ ಅವಳು ಮತ್ತೆ ಕೇಳಿನೋಡಿದಳು. ಆ ಜಾಗಕ್ಕೆ ಆಗಲೇ ಬೇರೊಬ್ಬರು ಬಂದಿದ್ದರು.

ಗುತ್ತಿಗೆ ಮುಗಿದ ಮೇಲೆ ಅಕ್ಕನ ಮನೆಗೆ ಹೊರಟಳು. ಅಲ್ಲಿನ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡಲು ಯಾರೋ ಬೇಕಿತ್ತು. ರೈಲಿನ ಸಮಯವನ್ನು ಅವಳು ಅವನಿಗೆ ತಿಳಿಸಿರಲಿಲ್ಲ, ಆದರೂ ಸ್ಟೇಷನ್ನಿನಲ್ಲಿ ನಿಂತಿದ್ದ. ಸೂಟ್‌ಕೇಸನ್ನು ಸೀಟಿನ ಕೆಳಗೆ ತಳ್ಳಿ, ಇಳಿದು ಹೋಗಿ ಕಿಟಕಿಯ ಬಳಿ ನಿಂತ. ಸರಳಿನ ಮೇಲೆ ಅವಳ ಕೈಯಿತ್ತು. ಅವನ ಕೈ ಅದರ ಪಕ್ಕದವರೆಗೆ ಬಂದು ಅಲ್ಲೇ ನಿಂತಿತು. ಇಬ್ಬರ ಬೆರಳುಗಳೂ ತಣ್ಣನೆಯ ಕಬ್ಬಿಣವನ್ನೇ ಹಿಡಿದುಕೊಂಡಿದ್ದವು.

ಅಷ್ಟರಲ್ಲಿ ಅಕ್ಕನ ಫೋನು ಬಂತು. ಸೀಟು ಸಿಕ್ಕಿತಾ, ಅಷ್ಟು ಸಾಮಾನು ಒಬ್ಬಳೇ ಹೊತ್ತುಕೊಂಡು ಬಂದೆಯಾ, ಬಿಡಲಿಕ್ಕೆ ಯಾರೂ ಬರಲಿಲ್ಲವಾ ಎಂದು ಒಂದೇ ಉಸಿರಿಗೆ ಕೇಳಿದಳು.

ಅವಳು ಕಿಟಕಿಯಾಚೆ ಅವನನ್ನು ನೋಡಿದಳು. ಅವನೂ ನೋಡಿದ. ಇಬ್ಬರಲ್ಲಿ ಯಾರೂ ಕಣ್ಣು ತಪ್ಪಿಸಲಿಲ್ಲ.

"ಬಂದಿದ್ದಾರೆ ಅಕ್ಕ," ಎಂದಳು. "ಆಫೀಸಿನವರು ಒಬ್ಬರು."

ಅವನಿಗೂ ಕೇಳಿಸಿತು. ಸರಿ ಎನ್ನುವಂತೆ ನಿಧಾನವಾಗಿ ತಲೆಯಾಡಿಸಿ, ಸರಳಿನಿಂದ ಕೈ ತೆಗೆದ. ರೈಲು ಹೊರಟಿತು.