ಹಿಂದೆ ಬಂದವಳ ದಾರಿ

ಮಳೆ ಹಿಡಿಯುವ ಮುಂಚೆ ಗಾವ್ರೋನನ್ನು ಹೊರಗೆ ತರಬೇಕು. ದುರ್ಮಿತೋರ್ ಬೆಟ್ಟದ ಗುಹೆಯೊಳಗೆ ಕಾಲು ಮುರಿದುಕೊಂಡು ಬಿದ್ದಿದ್ದಾನೆ. ರಕ್ಷಣಾ ದಳದಿಂದ ಹೊರಟವರು ಮೂವರು: ನಾಯಕ ರಾಡೋಮಾನ್, ಎತ್ತಿನಂಥ ಆಳು ವುಕೋಟಾ, ಎಲ್ಲರ ಹಿಂದೆ ಹಗ್ಗದ ಚೀಲ ಹೊತ್ತ ನೆವೆಂಕಾ.

ಹಿಂದೆ ಅನ್ನುವುದು ಅವಳ ಕಾಯಂ ಜಾಗ. ಬೆಳಿಗ್ಗೆ ಕಾಫಿ ಕುಡಿಯುವಾಗ ಅವಳು ಬಾಯಿ ಬಿಟ್ಟಿದ್ದೇ ತಪ್ಪಾಗಿತ್ತು.

"ರಾಡೋಮಾನಣ್ಣ, ಮಳೆ ಬಂದ್ರೆ ಕೆಳಗಿನ ಕಿಂಡಿ ಮುಳುಗತ್ತೆ. ಮೇಲಿನ ಹಳೇ ಸುರಂಗದಲ್ಲೂ ಒಂದು ಹಗ್ಗ ಕಟ್ಟಿಡೋಣ."

"ಏ ಗುಬ್ಬಿ, ನಾನು ಆ ಗುಹೆಗೆ ಇಳಿಯೋವಾಗ ನೀನು ತೊಟ್ಟಿಲಲ್ಲಿದ್ದೆ. ಚೀಲ ಹೊರು, ಸಾಕು."

ವುಕೋಟಾ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಅವಳು ಜಗಳಕ್ಕೆ ನಿಲ್ಲಲಿಲ್ಲ. ಸುಮ್ಮನೆ ಹೋಗಿ ಚೀಲ ತುಂಬಿಕೊಂಡಳು.

ಬೆಟ್ಟದ ಮೇಲೆ ಕುಳ್ಳ ಪೈನ್ ಪೊದೆಗಳು ಬಂಡೆಗೆ ಅಂಟಿಕೊಂಡಿದ್ದವು. ಸುಣ್ಣಕಲ್ಲಿನ ಸಂದುಗಳಲ್ಲಿ ಹೋದ ಚಳಿಗಾಲದ ಹಿಮ ಕೊಳಕಾಗಿ ಕೂತಿತ್ತು. ಎಲ್ಲೋ ಕುರಿಕಾಯುವವರ ನಾಯಿ ಬೊಗಳುತ್ತಿತ್ತು. ಸಮುದ್ರದ ಕಡೆಯಿಂದ ಎದ್ದ ಮೋಡ ಶಿಖರಗಳನ್ನು ಒಂದೊಂದಾಗಿ ನುಂಗುತ್ತಾ ಬರುತ್ತಿತ್ತು. ಗುಹೆಯ ಬಾಯಿಯಿಂದ ಬಂದ ಗಾಳಿ ಮುಖಕ್ಕೆ ತಣ್ಣೀರು ಎರಚಿದ ಹಾಗಿತ್ತು.

ಗಂಡಸರಿಬ್ಬರೂ ಕಿಂಡಿಯಲ್ಲಿ ಹೊಟ್ಟೆಯ ಮೇಲೆ ತೆವಳಿ ಆಚೆಯ ದೊಡ್ಡ ಕೋಣೆ ಸೇರಿದರು. ಗಾವ್ರೋ ಬದುಕಿದ್ದ.

"ಕುಡಿಯೋಕೆ ರಾಕಿಯಾ ಸಾರಾಯಿ ತಂದ್ರಾ, ಇಲ್ಲಾ ಬರೀ ಮುಖ ತೋರ್ಸೋಕೆ ಬಂದ್ರಾ?" ಎಂದ. ಹಲ್ಲು ಕಟಕಟ ಎನ್ನುತ್ತಿತ್ತು.

ಕಾಲಿಗೆ ಪಟ್ಟಿ ಬಿಗಿದು, ಅವನನ್ನು ಸ್ಟ್ರೆಚರಿಗೆ ಕಟ್ಟುವ ಹೊತ್ತಿಗೆ ನೆವೆಂಕಾ ಬಂದಳು.

"ಎಲ್ಲಿ ಸತ್ತಿದ್ದೆ?" ರಾಡೋಮಾನ್ ಗದರಿದ.

"ಬೂಟಿನ ದಾರ ಬಿಚ್ಚೋಯ್ತು."

ವುಕೋಟಾ ಮತ್ತೆ ನಕ್ಕ. ಇಬ್ಬರೂ ಆ ಮಾತನ್ನು ಹಾಗೇ ನಂಬಿದರು.

ಆಗಲೇ ಆ ಸದ್ದು.

ಲಾರಿಯೊಂದು ಬಂಡೆಯೊಳಗೇ ಬರುತ್ತಿರುವಂತೆ ಗುಡುಗುಡು. ವುಕೋಟಾ ದೀಪ ತಿರುಗಿಸಿದ. ಅವರು ತೆವಳಿ ಬಂದಿದ್ದ ಕಿಂಡಿ ಅಲ್ಲಿರಲಿಲ್ಲ. ಅದರ ಜಾಗದಲ್ಲಿ ಕಂದು ನೀರು ಕುದಿಯುತ್ತಿತ್ತು.

ನೀರು ಮೊಣಕಾಲಿಗೆ ಬಂತು. ಸ್ಟ್ರೆಚರನ್ನು ಒಂದು ಬಂಡೆಯ ಮೇಲೆತ್ತಿಟ್ಟರು. ತೊಡೆಗೆ ಬಂತು.

"ಅಣ್ಣಾ, ಏನ್ ಮಾಡೋಣ?" ವುಕೋಟಾ ಕೂಗಿದ.

ರಾಡೋಮಾನ್ ಶಿಲುಬೆ ಗುರುತು ಹಾಕಿಕೊಂಡು ಗೋಡೆಗೆ ಒರಗಿದ. "ಮುಗೀತು" ಎಂದ. ಹೆದರಿದ ಮಗುವಿನಂಥ ದನಿ.

ನೀರಿಗಿಂತ ಆ ದನಿಯೇ ವುಕೋಟಾನನ್ನು ಹೆಚ್ಚು ಹೆದರಿಸಿತು.

"ಮುಗಿದಿಲ್ಲ. ಇಲ್ಲಿ ನೋಡಿ." ನೆವೆಂಕಾ ಹೆಬ್ಬಂಡೆಯ ಹಿಂದೆ ದೀಪದ ಬೆಳಕು ಬಿಟ್ಟಳು. ಕತ್ತಲೆಯ ಎತ್ತರದಿಂದ ಒಂದು ಹಗ್ಗ ನೇತಾಡುತ್ತಿತ್ತು.

ವುಕೋಟಾನ ಬಾಯಿ ತೆರೆದದ್ದು ಮುಚ್ಚಲಿಲ್ಲ. "ಇದ್ಯಾವಾಗ ಕಟ್ಟಿದೆ?"

"ನಾನು ಬಂದಿದ್ದೇ ಮೇಲಿನ ಸುರಂಗದಲ್ಲಿ."

"ಹೇಳ್ಬಾರ್ದಿತ್ತಾ!"

"ಬೆಳಿಗ್ಗೆ ಹೇಳಿದ್ನಲ್ಲ, ನೀನು ನಕ್ಕೆ. ಹಿಂದೆ ಬರೋಳನ್ನ ಯಾರೂ ತಿರುಗಿ ನೋಡಲ್ಲ ವುಕೋಟಾ. ಅದಕ್ಕೇ ಹಿಂದೇನೇ ಉಳ್ಕೊಂಡೆ." ಹಗ್ಗ ಜಗ್ಗಿ ನೋಡಿದಳು. "ಮೊದಲು ನಾನು ಹತ್ತಿ ರಾಟೆ ಹಾಕ್ತೀನಿ. ಆಮೇಲೆ ನೀನು. ಇಬ್ರೂ ಸೇರಿ ಗಾವ್ರೋನ ಎಳೀಬೇಕು."

"ನಾನು?" ಎಂದ ರಾಡೋಮಾನ್.

"ಕೊನೇಲಿ ನೀವು. ಸುರಂಗದ ಆ ಕಡೆ ಇವನನ್ನ ಇಳಿಸೋಕೆ ಇದೇ ಹಗ್ಗ ಬೇಕು. ಸುತ್ತಿ ಚೀಲಕ್ಕೆ ತುಂಬ್ಕೊಂಡು ಬನ್ನಿ."

ಬೈಗುಳ ಸಿಡಿಯುತ್ತದೆಂದು ವುಕೋಟಾ ಕಾದ. ಸಿಡಿಯಲಿಲ್ಲ. ನೀರು ನಾಯಕನ ಸೊಂಟ ಮುಟ್ಟಿತ್ತು. ಅವನು ಸ್ಟ್ರೆಚರಿಗೆ ಹೆಗಲು ಕೊಟ್ಟು, ನೀರು ತಾಕದಂತೆ ಎತ್ತಿ ಹಿಡಿದು ನಿಂತ.

ಮೇಲೆ ಹತ್ತಿದ ಇಬ್ಬರೂ ಎಳೆದರು. ಅಂಗೈ ಸುಲಿಯಿತು. ಸ್ಟ್ರೆಚರ್ ಬಂಡೆಗೆ ಬಡಿಯಿತು, ಗಾವ್ರೋ ಕಿರುಚಿದ, ಹಗ್ಗ ಜಾರಿತು. ನೆವೆಂಕಾ ಕಲ್ಲಿಗೆ ಕಾಲು ಕೊಟ್ಟು, ಹಿಂದಕ್ಕೆ ಮಲಗಿಯೇ ತಡೆದಳು.

"ಎಳೀ ವುಕೋಟಾ! ತಿಂದಿದ್ದೆಲ್ಲಾ ಎಲ್ಲೋಯ್ತು?"

ಅವನು ಎಳೆದ.

ಹೊರಗೆ ಜಡಿಮಳೆ. ಕಾದು ನಿಂತಿದ್ದ ಊರಿನ ಜನ ಸ್ಟ್ರೆಚರಿಗೆ ಮುತ್ತಿಕೊಂಡರು. ಗಾವ್ರೋನ ಹೆಂಡತಿ ಅವನ ಕೆಸರು ಮುಖಕ್ಕೆ ಎರಡು ಬಾರಿಸಿ, ಆಮೇಲೆ ಮುತ್ತಿಟ್ಟಳು. ಸ್ಟ್ರೆಚರ್ ಇಳಿಸಿದ ಹಗ್ಗವನ್ನು ಬಿಚ್ಚಿ ಸುತ್ತಿಕೊಂಡ ರಾಡೋಮಾನ್ ಎಲ್ಲರಿಗಿಂತ ತಡವಾಗಿ, ಕಣ್ಣಿನವರೆಗೆ ಕೆಸರು ಮೆತ್ತಿಕೊಂಡು, ನೆನೆದ ಚೀಲದ ಭಾರಕ್ಕೆ ಬಾಗಿ ಗುಹೆಯ ಬಾಯಿಗೆ ಬಂದ. ಒಬ್ಬರೂ ತಿರುಗಿ ನೋಡಲಿಲ್ಲ.

ನೆವೆಂಕಾ ಮಾತ್ರ ಹತ್ತಿರ ಹೋದಳು. ಅವನು ಅಭ್ಯಾಸದಂತೆ ಚೀಲವನ್ನು ಅವಳತ್ತ ಚಾಚಿದ.

"ಅದು ನಿಮ್ಮ ಹತ್ರಾನೇ ಇರ್ಲಿ," ಎಂದಳು ಅವಳು. "ಕೈ ಕೊಡಿ, ಜಾರುತ್ತೆ."