ಮೂರು ವೋಲ್ಟಿನ ಗುರುಬಲ

ತನಗೆ ಹೆದರಿಕೆಯೇ ಆಗುತ್ತಿಲ್ಲವಲ್ಲ ಎಂಬುದು ವಾಣಿಶ್ರೀಯ ಹೆದರಿಕೆಯಾಗಿತ್ತು. 'ಬಿಳಿಕೆರೆಗೆ ನಿಲ್ಸಿ' ಎಂದು ಕಂಡಕ್ಟರನಿಗೆ ಕೂಗಿ ಹೇಳಲಾರದೆ ಎರಡು ಸಲ ಮುಂದಿನ ನಿಲ್ದಾಣದಲ್ಲಿ ಇಳಿದು, ಹೆದ್ದಾರಿ ಬದಿಯಲ್ಲಿ ನಡೆದುಕೊಂಡು ಮನೆಗೆ ಬಂದವಳು ಅವಳು. ಅಂಥವಳು ಮೂರು ದಿನದಿಂದ ಒಂದು ಅಪರಾಧದ ಲೆಕ್ಕಾಚಾರದಲ್ಲಿದ್ದಾಳೆ, ಊಟ ಸೇರುತ್ತಿದೆ, ನಿದ್ದೆಯೂ ಸೊಗಸಾಗಿ ಬರುತ್ತಿದೆ. ಡೈರಿಯಲ್ಲಿ ಇದನ್ನೆಲ್ಲ ಬರೆದು, ಕೊನೆಗೆ 'ನಾನು ಕೆಟ್ಟವಳಿರಬಹುದೇ?' ಎಂದು ಸೇರಿಸಿ, ಉತ್ತರಕ್ಕೆ ಅರ್ಧ ಪುಟ ಖಾಲಿ ಬಿಟ್ಟು ಮಲಗಿದ್ದಳು.

ಹಿಂದಿನ ಭಾನುವಾರ ಹೊಸ ಅಗ್ರಹಾರದಿಂದ ಕಾಂತರಾಜು ತಾಯಿ ರಾಮಮ್ಮನೊಂದಿಗೆ ಹೆಣ್ಣು ನೋಡಲು ಬಂದಿದ್ದ. ನಲವತ್ತು ನಿಮಿಷ ತನ್ನ ಭತ್ತ ಕೊಯ್ಯುವ ಯಂತ್ರದ ಬಗ್ಗೆ ಮಾತಾಡಿದ. ಅದರ ಬೆಲ್ಟು, ಅದರ ಬ್ಲೇಡು, ಕೆಸರಿನಲ್ಲಿ ಸಿಕ್ಕಿಕೊಂಡಾಗ ಅದು ಮಾಡುವ ಸದ್ದು. ಸದ್ದನ್ನು ಬಾಯಲ್ಲಿ ಮಾಡಿಯೂ ತೋರಿಸಿದ. ವಾಣಿಶ್ರೀ ಕಾಫಿ ಲೋಟದ ಅಂಚನ್ನು ನೋಡುತ್ತ ಕುಳಿತಿದ್ದಳು.

"ಏನವ್ವಾ, ಒಂದ್ ಮಾತೂ ಆಡ್ನಿಲ್ವಲ್ಲ?" ಎಂದಳು ರಾಮಮ್ಮ.

"ಅವ್ಳು ಅಂಗೇ ಕಣ್ರೀ, ಬಾಯೇ ಇಲ್ಲ," ಎಂದಳು ವಾಣಿಶ್ರೀಯ ತಾಯಿ ಸುನಂದಮ್ಮ, ಮಗಳಿಗೆ ಮಾಡಿಸಿದ ಒಡವೆಯೊಂದನ್ನು ಎತ್ತಿ ತೋರಿಸುವ ದನಿಯಲ್ಲಿ.

"ಅದೇ ಬೇಕಾಗಿದ್ದು ಬುಡಿ ನಮ್ಗೆ. ದೊಡ್ಡೋಳು ಮಾತಾಡೀ ಮಾತಾಡೀನೇ ಹೋಗಿದ್ದು."

ದೊಡ್ಡವಳೆಂದರೆ ರಾಮಮ್ಮನ ಹಿರಿ ಸೊಸೆ. ಮದುವೆಯಾದ ನಾಲ್ಕೇ ತಿಂಗಳಿಗೆ ಸರಗೂರಿನ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಹಿರಿಮಗ ಕುಡಿದು ಬಡಿಯುತ್ತಿದ್ದನೆಂದು ಸುತ್ತ ಏಳು ಹಳ್ಳಿಗೆ ಗೊತ್ತಿತ್ತು. ರಾಮಮ್ಮನ ಪ್ರಕಾರ ಮಾತ್ರ ತಪ್ಪು ಗುರುಗ್ರಹದ್ದು. ಹುಡುಗಿಯ ರಾಶಿಗೆ ಗುರು ಅನುಕೂಲವಾದ ಮನೆಯಲ್ಲಿ ಇಲ್ಲದಾಗ, ಅಂದರೆ ಗುರುಬಲ ಇಲ್ಲದಾಗ, ಅವಸರಕ್ಕೆ ಮದುವೆ ಮಾಡಿಬಿಟ್ಟಿದ್ದರಂತೆ. ಮಗನ ಕೈ ಎತ್ತಿದ್ದು ಆ ಗುರುವೇ ಇರಬೇಕು.

"ಈ ಸಲ ಕಂಪ್ಯೂಟ್ರು ಯೋಳ್ಬೇಕು," ಎಂದು ರಾಮಮ್ಮ ತೀರ್ಪು ಕೊಟ್ಟಳು. "ಗುರುಬಲ ಐತೆ ಅಂತ ಪೇಪರ್‌ನಲ್ಲಿ ಬಂದ್ರೆ ಅಲ್ಲೇ ಎಲೆಅಡಿಕೆ ಬದಲಾಯ್ಸುವ. ಇಲ್ಲಾ ಅಂತ ಬಂತೋ, ನೀವ್ಯಾರೋ ನಾವ್ಯಾರೋ."

ನೀವ್ಯಾರೋ ನಾವ್ಯಾರೋ! ಆ ನಲವತ್ತು ನಿಮಿಷದಲ್ಲಿ ಅಷ್ಟು ಇಂಪಾದ ಮಾತನ್ನು ಯಾರೂ ಆಡಿರಲಿಲ್ಲ.

ಆ ಕಂಪ್ಯೂಟರ್ ಯಾವುದೆಂದು ಕೇಳುವ ಅಗತ್ಯವೂ ಇರಲಿಲ್ಲ. ಹುಣಸೂರಿನ ವೀರಭದ್ರಸ್ವಾಮಿಯವರ ಗಣಕ ಜಾತಕ ಕೇಂದ್ರದ್ದು. ಬಿ.ಎ. ಮುಗಿಸಿದ ವಾಣಿಶ್ರೀ ಅಲ್ಲಿಯೇ ನಾಲ್ಕು ವರ್ಷದಿಂದ ಕೆಲಸಕ್ಕಿದ್ದಳು. ಹೊಸ ಯಂತ್ರದಲ್ಲಿ ಅವಳು ಪಹಣಿ, ಜಾತಿ ಪತ್ರದ ಅರ್ಜಿ ತುಂಬುತ್ತಿದ್ದಳು. ಮೂಲೆಯ ಹಳೆಯ ಯಂತ್ರ ಮಾತ್ರ ಯಜಮಾನರದ್ದೇ. ಇಂಟರ್‌ನೆಟ್ಟಿನ ಮುಖ ಕಾಣದ, ಹಳದಿಗೆ ತಿರುಗಿದ ಪೆಟ್ಟಿಗೆ ಅದು. ನೆತ್ತಿಯ ಮೇಲೆ ಕುಂಕುಮ, ಹೊಟ್ಟೆಯಲ್ಲಿ ಜಾತಕದ ತಂತ್ರಾಂಶ. ಅದನ್ನು ತೆರೆಯುವ ಪಾಸ್‌ವರ್ಡ್ ವೀರಭದ್ರಸ್ವಾಮಿಯವರೊಬ್ಬರಿಗೇ ಗೊತ್ತು. ಪಂಚಾಂಗ ಬಿಡಿಸಿ ಹೇಳಿದರೆ ಜನ ತಾಸುಗಟ್ಟಲೆ ವಾದಿಸುತ್ತಾರೆ. ಅದೇ ಮಾತು ಪ್ರಿಂಟರಿನಿಂದ ಬಿಸಿಬಿಸಿಯಾಗಿ ಬಂದರೆ ಕಣ್ಣಿಗೆ ಒತ್ತಿಕೊಳ್ಳುತ್ತಾರೆ.

ತೊಂದರೆಯೆಂದರೆ ಗುರುಬಲ ನಿಜವಾಗಿಯೂ ಇತ್ತು. ವಾಣಿಶ್ರೀಯದು ಹುಬ್ಬೆ ನಕ್ಷತ್ರ, ಸಿಂಹ ರಾಶಿ. ಈ ಜಗತ್ತಿನಲ್ಲಿ ಅವಳನ್ನು ಸಿಂಹವೆಂದು ತಪ್ಪು ತಿಳಿದದ್ದು ಆಕಾಶ ಒಂದೇ. 2026ರ ಫೆಬ್ರವರಿ ಅದು, ಜೂನ್‌ವರೆಗೂ ಸಿಂಹಕ್ಕೆ ಗುರುಬಲವಿದೆ ಎಂದು ಅಡುಗೆಮನೆಯ ಕ್ಯಾಲೆಂಡರಿನಲ್ಲೇ ಅಚ್ಚಾಗಿತ್ತು. ಹಾಗಾಗಿ ಕಂಪ್ಯೂಟರು ಸುಳ್ಳು ಹೇಳಬೇಕು. ಹೇಳಿಸಿದವರು ಯಾರೆಂದು ಗೊತ್ತಾಗಕೂಡದು.

ದಾರಿ ತೋರಿಸಿದವನು ಕಂಪ್ಯೂಟರ್ ರಿಪೇರಿಯ ಸೈಫುಲ್ಲಾ, ಅದೂ ತಿಳಿಯದೆ. ತಿಂಗಳ ಹಿಂದೆ ಹಳೆಯ ಪೆಟ್ಟಿಗೆಯ ಫ್ಯಾನ್ ಕೂಗುತ್ತಿದೆಯೆಂದು ಬಂದವನು ಒಳಗಿನದನ್ನೆಲ್ಲ ಅವಳಿಗೆ ತೋರಿಸಿದ್ದ. ಯಾರು ಸುಮ್ಮನೆ ನಿಂತು ಕೇಳಿದರೂ ಅವನಿಗೆ ಪಾಠ ಹೇಳುವ ಖುಷಿ. "ಇದು ಪವರ್ ಸಪ್ಲೈ, ಹೊಟ್ಟೆ ಅಂತ ತಿಳ್ಕೊಳಮ್ಮಾ. ಇದು ರ‍್ಯಾಮು, ಈಗಿಂದು ಈಗ ಮರ್ತೋಗೋ ಪೈಕಿ. ಇದು ಹಾರ್ಡ್ ಡಿಸ್ಕು, ನಮ್ಮ ಅಮ್ಮಿ ಇದ್ದಂಗೆ, ಹತ್ತು ವರ್ಷದ ಹಿಂದಿನ ಜಗಳಾನೂ ಬಿಡಾದಿಲ್ಲ." ಆಮೇಲೆ ಮದರ್‌ಬೋರ್ಡಿನ ಮೂಲೆಯಲ್ಲಿ ನಾಣ್ಯದಂತೆ ಹೊಳೆಯುತ್ತಿದ್ದ ಬಿಲ್ಲೆಯೊಂದನ್ನು ಉಗುರಿನಿಂದ ಎಬ್ಬಿಸಿದ. "ಮೂರೇ ವೋಲ್ಟಿನ ಸೆಲ್ಲು. ಕರೆಂಟ್ ಇಲ್ದಾಗ್ಲೂ ತಾರೀಕು ಎಣಿಸ್ತಾ ಕೂತಿರೋ ನೌಕರಿ ಇದ್ರದ್ದು. ಇದು ಸತ್ರೆ ನೋಡಮ್ಮಾ, ಈ ಡಬ್ಬಕ್ಕೆ ಯಾವಾಗ್ಲೂ 2002ರ ಜನವರಿ ಒಂದು. ನಿಂಗೂ ನಂಗೂ ವಯಸ್ಸಾಯ್ತದೆ, ಇದಕ್ಕಿಲ್ಲ."

ಗುರುಬಲ ನೋಡುವುದು ಆ ದಿನದ ಗ್ರಹಸ್ಥಿತಿಯಿಂದ. ಆ ದಿನ ಯಾವುದೆಂದು ತಂತ್ರಾಂಶ ಕೇಳುವುದು ಪೆಟ್ಟಿಗೆಯನ್ನು. ಪೆಟ್ಟಿಗೆ ಕೇಳುವುದು ಬಿಲ್ಲೆಯನ್ನು. ಬಿಲ್ಲೆ ಸತ್ತರೆ ಇಡೀ ಆಕಾಶ ಇಪ್ಪತ್ನಾಲ್ಕು ವರ್ಷ ಹಿಂದಕ್ಕೆ ಸರಿಯುತ್ತದೆ. ಬಿಳಿಕೆರೆಯಲ್ಲಿ ಬಸ್ಸು ನಿಲ್ಲುವ ಜಾಗವೇ ಅಷ್ಟರಲ್ಲಿ ಮೂರು ಸಲ ಬದಲಾಗಿದೆ. ಗುರುವೇನು ಅಲ್ಲೇ ಕಲ್ಲಾಗಿ ಕುಳಿತಿರುತ್ತಾನೆಯೇ? ಮೌಸಿನಿಂದ ತಾರೀಕು ಬದಲಿಸುವುದು ಸುಲಭವಿತ್ತು, ಆದರೆ ಅದಕ್ಕೊಬ್ಬ ಅಪರಾಧಿ ಬೇಕಾಗುತ್ತಾನೆ. ಸೆಲ್ಲು ಸಾಯುವುದಕ್ಕೆ ಯಾರೂ ಬೇಡ. ಅದು ವಯಸ್ಸು. ಈ ಸಾಲನ್ನು ಡೈರಿಯಲ್ಲಿ ಬರೆದಾಗ ತನ್ನ ಬುದ್ಧಿಗೆ ತಾನೇ ಸಣ್ಣಗೆ ನಕ್ಕಿದ್ದಳು.

ಉಳಿದ ಅಡ್ಡಿಗಳನ್ನು ಯಜಮಾನರ ಅಭ್ಯಾಸಗಳೇ ನಿವಾರಿಸಿಕೊಟ್ಟವು. ತಾರೀಕು ಕೆಟ್ಟರೆ ಯಂತ್ರ ಶುರುವಾಗುವಾಗ ಕಪ್ಪು ಪರದೆಯ ಮೇಲೆ ದೂರು ಬರುತ್ತದೆ, ಎಫ್ ಒನ್ ಒತ್ತು ಎನ್ನುತ್ತದೆ. ಆದರೆ ಇಲ್ಲದ ಫ್ಲಾಪಿಗಾಗಿ ಅದು ವರ್ಷಗಳಿಂದ ಅದೇ ದೂರು ಹೇಳುತ್ತಿತ್ತು. ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಬಿಡುವಂತೆ ವೀರಭದ್ರಸ್ವಾಮಿ ಓದದೆಯೇ ಎಫ್ ಒನ್ ಒತ್ತುತ್ತಿದ್ದರು. ಪರದೆಯ ಮೂಲೆಯ ಗಡಿಯಾರವನ್ನು ನೋಡುತ್ತಿರಲಿಲ್ಲ. ಅವರದ್ದು ಗೋಡೆ ಗಡಿಯಾರ. ಹಾಳೆಯ ಬುಡದಲ್ಲಿ ಬೀಳುವ ದಿನಾಂಕದ ಮೇಲೆಯೇ ಪ್ರತಿ ಸಲ ನೇರಳೆ ಸೀಲು ಕುಟ್ಟುತ್ತಿದ್ದರು. ಮೇಲಾಗಿ ಎದ್ದು ಹೋಗುವಾಗಲೆಲ್ಲ ಗೋಡೆಯ ಸ್ವಿಚ್ಚನ್ನೇ ಆರಿಸುತ್ತಿದ್ದರು, ಆಕಾಶದಲ್ಲಿ ಮೋಡವಿಲ್ಲದಿದ್ದರೂ ಸಿಡಿಲಿಗೆ ಹೆದರಿ. ಆಕಾಶದ ವ್ಯವಹಾರ ಮಾಡುವವರಿಗೆ ಆಕಾಶದ ಮೇಲೆ ನಂಬಿಕೆ ಕಡಿಮೆ.

ಬುಧವಾರ ಮಧ್ಯಾಹ್ನ ಒಂದೂವರೆಗೆ ಅವರು ಊಟಕ್ಕೆ ಹೊರಟರು.

"ವಾಣಿ, ನಾಳೆ ಗುರುವಾರ ನಿಮ್ಮಮ್ಮ ಬರ್ತಾರಂತೆ. ನಿನ್ ಜಾತಕ ನಾನೇ ಕೂತು ತೆಗೀತೀನಿ. ನಾಚ್ಕೋಬೇಡ, ಆಯ್ತಾ?"

ಅವಳು ತಲೆ ತಗ್ಗಿಸಿದಳು. ಅದನ್ನವರು ನಾಚಿಕೆಯೆಂದೇ ಎಣಿಸಿಕೊಂಡು ಹೋದರು.

ಶಟರನ್ನು ಅರ್ಧ ಇಳಿಸಿದಳು. ಪಕ್ಕದ ತಗಡಿಗೆ ಇರಬೇಕಾದ ನಾಲ್ಕು ಸ್ಕ್ರೂಗಳಲ್ಲಿ ಉಳಿದಿದ್ದ ಒಂದು ಕೈಯಲ್ಲೇ ಬಿಚ್ಚಿಬಂತು. ಲಕ್ಷಾಂತರ ಮದುವೆಗಳನ್ನು ಕೂಡಿಸಿದ ಸರ್ವಜ್ಞನ ಒಳಗಿದ್ದದ್ದು ಕಂಬಳಿಯಂಥ ಧೂಳು, ಉಬ್ಬಿ ನಿಂತ ಕೆಪಾಸಿಟರುಗಳು, ರಿಬ್ಬನ್ನಿನಂಥ ಬೂದು ಕೇಬಲ್ಲು, ಮತ್ತು ಪ್ರಾಸೆಸರಿನ ಫ್ಯಾನಿನಡಿ ಒಡೆದ ಎರಡು ಹಲ್ಲಿಮೊಟ್ಟೆ. ಧೂಳನ್ನು ಮುಟ್ಟಲಿಲ್ಲ, ಚೊಕ್ಕಟವಾಗಿದ್ದರೆ ಅನುಮಾನ ಬರುತ್ತದೆ. ಬಿಲ್ಲೆಯ ಪಕ್ಕದ ಕೊಕ್ಕೆಯನ್ನು ಹೇರ್‌ಪಿನ್ನಿನಿಂದ ಒತ್ತಿದಳು. ಅದು ಟಕ್ಕೆಂದು ಎದ್ದು ಅಂಗೈಗೆ ಬಿತ್ತು, ಮಾವಿನ ವಾಟೆಗಿಂತ ಹಗುರ. ಸೈಫುಲ್ಲಾ ಕೆಟ್ಟ ಬಿಡಿಭಾಗಗಳನ್ನು ಹಾಕುವ ಡಬ್ಬಿ ಮೇಜಿನಡಿಯಲ್ಲೇ ಇತ್ತು. ಅದರಿಂದ ಸತ್ತ ಸೆಲ್ಲೊಂದನ್ನು ತೆಗೆದು ಬೋರ್ಡಿಗೆ ಕೂರಿಸಿ, ಬದುಕಿದ್ದನ್ನು ಡಬ್ಬಿಗೆ ಹಾಕಿದಳು. ಸತ್ತವರ ನಡುವೆ ಬದುಕಿದವನನ್ನು ಯಾರು ಹುಡುಕುತ್ತಾರೆ? ಎಲ್ಲ ಸೇರಿ ಆರು ನಿಮಿಷ. ಆಮೇಲೆ ಕೈ ತೊಳೆದು ತನ್ನ ಚಿತ್ರಾನ್ನ ತಿಂದಳು. ಉಪ್ಪು ಕಡಿಮೆಯಿತ್ತು.

ಗುರುವಾರ ಹನ್ನೊಂದಕ್ಕೆ ಸುನಂದಮ್ಮ ರೇಷ್ಮೆ ಸೀರೆಯಲ್ಲಿ ಬಂದಳು, ಜೊತೆಗೆ ರಾಮಮ್ಮನೂ. ರಾಮಮ್ಮನ ಚೀಲದಲ್ಲಿ ಎಲೆಅಡಿಕೆ, ತೆಂಗಿನಕಾಯಿ ತಯಾರಾಗಿಯೇ ಇದ್ದವು. ವಾಪಸು ಹೊತ್ತುಕೊಂಡು ಹೋಗುವುದು ಭಾರವಾಗುತ್ತದಲ್ಲ ಎಂದು ವಾಣಿಶ್ರೀಗೆ ಒಂದು ಗಳಿಗೆ ಕನಿಕರವೂ ಆಯಿತು. ವೀರಭದ್ರಸ್ವಾಮಿ ಊದುಬತ್ತಿ ಬೆಳಗಿ, ಸ್ವಿಚ್ಚು ಹಾಕಿ, ಎಫ್ ಒನ್ ಒತ್ತಿದರು. ಗೋಡೆಯಲ್ಲಿ ಹನ್ನೊಂದು ಹತ್ತಾಗಿದ್ದಾಗ ಪರದೆಯ ಮೂಲೆಯಲ್ಲಿ ರಾತ್ರಿ ಹನ್ನೆರಡು ದಾಟಿ ನಾಲ್ಕು ನಿಮಿಷ. ಎಲ್ಲವೂ ಅವಳು ಅಂದುಕೊಂಡಂತೆಯೇ. ಜನ್ಮದಿನಾಂಕ, ಹೊತ್ತು, ಊರು ತುಂಬಿದರು. ಪ್ರಿಂಟರ್ ನರಳಿ ಹಾಳೆಯನ್ನು ಹೊರದಬ್ಬಿತು. ಸೀಲು ಬಿತ್ತು. ಅವರು ಕನ್ನಡಕ ಏರಿಸಿದರು.

"ಗುರುಬಲ..." ಎಂದು ಎಳೆದರು. ರಾಮಮ್ಮ ಚೀಲ ಹಿಡಿದುಕೊಂಡಳು. "ಇದೆ! ಹನ್ನೊಂದನೇ ಮನೇಲಿ ಗುರು. ಪೂರ್ಣಬಲ. ಮೇಲೆ ಶುಕ್ರದೆಸೆ ಬೇರೆ ನಡೀತಾ ಇದೆ, ಇನ್ನೇನು ಬೇಕು ತಾಯಿ?"

"ನಾನ್ ಯೋಳ್ನಿಲ್ವಾ?" ಎಂದು ಸುನಂದಮ್ಮ ಕಣ್ಣೊರೆಸಿಕೊಂಡಳು. "ನಮ್ ಮಗಳು ಯೋಗ ತಂದೋಳು ಕಣ್ರೀ."

"ಎಲ್ಲಿ, ತಟ್ಟೆ ತಕ್ಕೊಂಬಾರವ್ವ," ಎಂದಳು ರಾಮಮ್ಮ, ಆಗಲೇ ಅತ್ತೆಯ ಗತ್ತಿನಲ್ಲಿ.

ವಾಣಿಶ್ರೀ ಪರದೆ ನೋಡಿದಳು, ಹಾಳೆ ನೋಡಿದಳು. ಸೀಲಿನಡಿಯಿಂದ ಇಣುಕುತ್ತಿದ್ದ ತಾರೀಕು 2002ರದ್ದೇ. ಗುರು ಮಾತ್ರ ಕದಲಿರಲಿಲ್ಲ. "ಈ ಹಾಳೆ ಸುಳ್ಳು, ಸೆಲ್ಲು ಬದಲಿಸಿದವಳು ನಾನು" ಎಂದು ಒಪ್ಪಿಕೊಂಡುಬಿಡಲೇ ಎಂದೂ ಒಮ್ಮೆ ಅನಿಸಿತು.

"ಇದೇ ವೈಶಾಖದಲ್ಲಿ ಮುಗಿಸ್ಬಿಡಿ," ವೀರಭದ್ರಸ್ವಾಮಿ ಹಾಳೆ ಮಡಚುತ್ತ ಹೇಳುತ್ತಿದ್ದರು, "ಜೂನ್‌ನಲ್ಲಿ ಗುರು ಮುಂದಿನ ಮನೆಗೆ ಹೋಗ್ತಾನೆ. ಆಕಾಶ ಒಂದ್ ಸುತ್ತು ಹಾಕೋಕೆ ಅವನಿಗೆ ಹನ್ನೆರಡು ವರ್ಷ ಅಂತ ಮಕ್ಕಳಿಗೂ ಗೊತ್ತು. ಮತ್ತೆ ಇದೇ ಮನೆಗೆ ಬರೋದು ಹನ್ನೆರಡು ವರ್ಷ ಬಿಟ್ಟೇ." ವಾಣಿಶ್ರೀ ಬೆನ್ನ ಹಿಂದೆ ಬೆರಳು ಮಡಚಿದಳು: 2002, 2014, 2026. ಸತ್ತ ಸೆಲ್ಲು ಆಕಾಶವನ್ನು ಸರಿಯಾಗಿ ಎರಡು ಸುತ್ತು ಹಿಂದಕ್ಕೆ ತಿರುಗಿಸಿ, ಗುರುವನ್ನು ಅವನು ಇವತ್ತು ಕುಳಿತಿರುವ ಮನೆಯಲ್ಲೇ ತಂದು ಕೂರಿಸಿತ್ತು. ತಪ್ಪೊಪ್ಪಿಕೊಂಡು ಸರಿಯಾದ ತಾರೀಕು ಹಾಕಿಸಿದರೂ ಅದೇ ಗುರುಬಲ ಬರುತ್ತಿತ್ತು. ರಾಮಮ್ಮನ ಕೈ ಎಲೆಅಡಿಕೆ ಸಮೇತ ಸುನಂದಮ್ಮನ ಮಡಿಲಿನತ್ತ ಅರ್ಧ ದಾರಿ ಬಂದಿತ್ತು. ಸ್ಕ್ರೂ ಬಿಚ್ಚಿದ್ದು, ಸೆಲ್ಲು ಬದಲಿಸಿದ್ದು ಎಲ್ಲ ಯಾವ ಒಂದು ವಾಕ್ಯವನ್ನು ಆಡುವ ಕಷ್ಟ ತಪ್ಪಿಸಿಕೊಳ್ಳಲೋ, ಆ ವಾಕ್ಯವೊಂದೇ ಈಗ ಅವಳ ಬಳಿ ಉಳಿದಿತ್ತು. ಅದು ಹೊರಬಿದ್ದಾಗ ಅವಳಿಗೇ ಅಪರಿಚಿತವಾಗುವಷ್ಟು ದೊಡ್ಡ ದನಿಯಲ್ಲಿತ್ತು: "ಅವ್ವಾ, ನಂಗೆ ಈ ಮದ್ವೆ ಇಷ್ಟ ಇಲ್ಲ."